ಕಲ್ಲಿನ ಮೇಲಿನ ಚಿತ್ರವನ್ನು ಓದುವುದು ಹೇಗೆ? ಹೆಬ್ಬಾಳದ ಕಿತ್ತಯ್ಯ, ಆತಕೂರಿನ ನಾಯಿ, ಸೋಮನಾಥಪುರದ ‘ಮೆಕ್ಕೆಜೋಳ’

ಹೆಬ್ಬಾಳ ಎಂದೊಡನೆ ಬೆಂಗಳೂರಿನವರಿಗೆ ನೆನಪಾಗುವುದು ಫ್ಲೈಓವರ್, ಅದರ ಮೇಲೆ ನಿಂತ ವಾಹನಗಳ ಸಾಲು, ಪಕ್ಕದಲ್ಲಿ ಕೆರೆ. ಆದರೆ ಆ ಗದ್ದಲದಿಂದ ಸ್ವಲ್ಪವೇ ದೂರದ ಹಳೆಯ ಊರಿನೊಳಗೆ 2018ರಲ್ಲಿ ಚರಂಡಿ ಕೆಲಸಕ್ಕೆಂದು ನೆಲ ಅಗೆದಾಗ ಒಂದು ಕಲ್ಲು ಮೇಲೆ ಬಂತು. ಮಣ್ಣು ತೊಳೆದು ನೋಡಿದರೆ ಅದರಲ್ಲಿ ಆಯುಧ ಹಿಡಿದ ಮನುಷ್ಯನ ಆಕೃತಿ, ಜೊತೆಗೆ ಹಳಗನ್ನಡದ ಬರಹ. ಗಂಗರ ದೊರೆ ಶ್ರೀಪುರುಷನ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಶ. 750ರಲ್ಲಿ, ರಟ್ಟವಾಡಿಯವರ ದಾಳಿಯನ್ನು ಎದುರಿಸಿ ಸತ್ತ ಕಿತ್ತಯ್ಯ ಎಂಬವನ ವೀರಗಲ್ಲು ಅದು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲೇ ಇದು ಅತ್ಯಂತ ಹಳೆಯದೆಂದು ಪರಿಗಣಿಸಲಾಗಿದೆ. ‘ಬೆಂಗುಳೂರು’ ಎಂಬ ಹೆಸರು ಬರುವ ಬೇಗೂರಿನ ಶಾಸನ ಕೂಡ ಇದಕ್ಕಿಂತ ಒಂದು ಶತಮಾನಕ್ಕೂ ಹೆಚ್ಚು ಕಿರಿದು.

ಆ ಕಲ್ಲಿನಲ್ಲಿ ಊರಿನ ಹೆಸರೂ ಇದೆ: ಪೆರ್ಬೊಳಲ್ ನಾಡು. ಪೆರ್ ಎಂದರೆ ದೊಡ್ಡದು, ಪೊಳಲ್ ಎಂದರೆ ಪಟ್ಟಣ. ಹಳಗನ್ನಡದ ‘ಪ’ ಮುಂದೆ ‘ಹ’ ಆಯಿತಲ್ಲ, ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ. ಹಾಗೆಯೇ ಪೆರ್ಬೊಳಲ್ ಸವೆದು ಹೆಬ್ಬಾಳವಾಯಿತು. ದೊಡ್ಡ ಊರು ಎಂಬ ಹೆಸರು ಹನ್ನೆರಡೂವರೆ ಶತಮಾನ ಕಳೆದರೂ ಅದಕ್ಕೆ ಅಂಟಿಕೊಂಡೇ ಇದೆ.

ಬರಹವನ್ನು ಓದಿದ್ದಾಯಿತು. ಚಿತ್ರ? ಅದನ್ನು ‘ನೋಡಿದರೆ ಸಾಕು, ಗೊತ್ತಾಗುತ್ತದೆ’ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅಕ್ಷರ ಕಲಿಯಲು ಶಾಲೆ ಬೇಕು, ಚಿತ್ರಕ್ಕೆ ಕಣ್ಣು ಸಾಕು ಎನ್ನುವುದು ಬಹಳ ಹಳೆಯ ಮತ್ತು ಬಹಳ ದುಬಾರಿಯಾದ ತಪ್ಪು ತಿಳಿವಳಿಕೆ. ಚಿತ್ರವನ್ನು ಅಧ್ಯಯನ ಮಾಡುವ ಶಾಸ್ತ್ರಗಳು ಒಂದೆರಡಲ್ಲ. ಕಲಾ ಇತಿಹಾಸ, ಪುರಾತತ್ವ, ಶಾಸನಶಾಸ್ತ್ರ, ಮನೋವಿಜ್ಞಾನ, ಭೂವಿಜ್ಞಾನ, ಸಸ್ಯವಿಜ್ಞಾನ, ಈಗ ಕಂಪ್ಯೂಟರ್ ವಿಜ್ಞಾನವೂ ಸೇರಿ, ಒಂದೇ ಚಿತ್ರವನ್ನು ಬೇರೆ ಬೇರೆ ಕಡೆಯಿಂದ ನೋಡುತ್ತವೆ. ಇವುಗಳ ಕೂಡುದಾರಿಗೆ ‘ದೃಶ್ಯ ಅಧ್ಯಯನ’ ಎಂಬ ಹೆಸರು ಬಿದ್ದಿದೆ.

ನಿಂಬೆಹಣ್ಣಿನಿಂದ ಶುರು ಮಾಡೋಣ

ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಲಾ ಇತಿಹಾಸಕಾರ ಎರ್ವಿನ್ ಪನೋಫ್‌ಸ್ಕಿ 1939ರಲ್ಲಿ ಚಿತ್ರವನ್ನು ಮೂರು ಹಂತಗಳಲ್ಲಿ ಓದುವ ಕ್ರಮವೊಂದನ್ನು ಮುಂದಿಟ್ಟರು. ಅದನ್ನು ಅರ್ಥ ಮಾಡಿಕೊಳ್ಳಲು ಯುರೋಪಿನ ವರ್ಣಚಿತ್ರ ಬೇಕಿಲ್ಲ, ಹೆಬ್ಬಾಳದ ಸಿಗ್ನಲ್‌ನಲ್ಲಿ ಮುಂದೆ ನಿಂತ ಹೊಸ ಕಾರು ಸಾಕು. ಅದರ ಮುಂದೆ ದಾರದಲ್ಲಿ ಒಂದು ಹಳದಿ ಹಣ್ಣು, ಕೆಲವು ಹಸಿರು ಕಾಯಿ. ಇಷ್ಟು ಯಾರಿಗಾದರೂ ಕಾಣುತ್ತದೆ. ಇದು ಮೊದಲ ಹಂತ. ಅದು ನಿಂಬೆಹಣ್ಣು, ಮೆಣಸಿನಕಾಯಿ, ದೃಷ್ಟಿ ತಾಗದಿರಲಿ ಎಂದು ಕಟ್ಟಿದ್ದು ಎಂದು ಹೇಳಲು ನಮ್ಮ ಕಡೆಯ ರೂಢಿ ಗೊತ್ತಿರಬೇಕು, ಇದು ಎರಡನೆಯದು. ಬ್ಯಾಂಕ್ ಸಾಲ, ವಿಮೆ, ಏರ್‌ಬ್ಯಾಗ್ ಎಲ್ಲ ಇರುವ ಕಾರಿಗೂ ನಿಂಬೆಹಣ್ಣು ಏಕೆ ಬೇಕಾಯಿತು, ಅದನ್ನು ಕಟ್ಟಿದವರ ಭಯ ಎಂಥದ್ದು ಎಂದು ಕೇಳಿದರೆ ಮೂರನೆಯದು.

ಮೊದಲ ಹಂತಕ್ಕೂ ಎರಡನೆಯದಕ್ಕೂ ನಡುವೆ ಎಷ್ಟು ಅಂತರವಿದೆ ನೋಡಿ. ಊರಿಗೆ ಹೊಸಬನಾದವನು ‘ಇವರು ಕಾರಿನಲ್ಲಿ ಅಡುಗೆಗೆ ಸಾಮಾನು ಒಣಗಿಸುತ್ತಾರೆ’ ಎಂದು ಬರೆದುಕೊಂಡು ಹೋದರೆ ಅವನ ಕಣ್ಣಿನಲ್ಲಿ ದೋಷವಿಲ್ಲ. ಸಾವಿರ ವರ್ಷ ಹಳೆಯ ಕಲ್ಲಿನ ಮುಂದೆ ನಿಂತಾಗ ನಾವೆಲ್ಲರೂ ಆ ಹೊಸಬರೇ.

ವೀರಗಲ್ಲಿನ ವ್ಯಾಕರಣ

ಕರ್ನಾಟಕದಲ್ಲಿ ವೀರಗಲ್ಲುಗಳು ಸಾವಿರಗಟ್ಟಲೆ ಇವೆ. ನಂತರದ ಶತಮಾನಗಳ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕುಳಿತಿರುವುದು. ಅಂದರೆ ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಪುಸ್ತಕ ಓದುವಂತೆ ಮೇಲಿನಿಂದ ಓದಿದರೆ ಪೂಜೆ ಮಾಡುತ್ತಿದ್ದವನು ಯುದ್ಧಕ್ಕೆ ಹೋದ ಎಂಬ ತಲೆಕೆಳಗಾದ ಕತೆ ಸಿಗುತ್ತದೆ. ಕೆಳಗೆ ದನಗಳ ಸಾಲಿದ್ದರೆ ಅದು ತುರುಗೊಳ್, ದನಗಳನ್ನು ಹೊಡೆದೊಯ್ಯಲು ಬಂದವರನ್ನು ತಡೆದು ಸತ್ತವನ ನೆನಪು. ಕಂಬದಿಂದ ಹೊರಟ ಒಂದು ತೋಳು, ಬಳೆ, ಕೈಯಲ್ಲಿ ನಿಂಬೆಹಣ್ಣು ಇದ್ದರೆ ಮಾಸ್ತಿಕಲ್ಲು. ಅದನ್ನು ಆಶೀರ್ವಾದದ ಕೈ ಎಂದು ತಿಳಿದು ಕುಂಕುಮ ಹಚ್ಚುವವರು ಈಗಲೂ ಇದ್ದಾರೆ. ಅದು ಗಂಡನ ಚಿತೆ ಏರಿದ ಹೆಂಗಸಿನ ಕೈ.

ಕಿತ್ತಯ್ಯನದು ಇವೆಲ್ಲಕ್ಕಿಂತ ಹಿಂದಿನ ಕಾಲ. ಗಂಗರ ಕಾಲದ ಆರಂಭದ ಕಲ್ಲುಗಳಲ್ಲಿ ಅಂತಸ್ತುಗಳ ಕಟ್ಟಳೆ ಇನ್ನೂ ಗಟ್ಟಿಯಾಗಿರಲಿಲ್ಲ. ಎದ್ದು ಕಾಣುವ ಒಬ್ಬ ವೀರ, ಸುತ್ತ ಜಾಗವಿದ್ದ ಕಡೆ ಬರಹ. ಆದ್ದರಿಂದ ‘ಸ್ವರ್ಗದ ಭಾಗ ಒಡೆದು ಹೋಗಿದೆ’ ಎಂದು ಮರುಗುವ ಮೊದಲು ಅದು ಇತ್ತೇ ಎಂದು ಕೇಳಬೇಕು. ಕಲ್ಲಿನ ಜಾತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರಿನ ಸುತ್ತ ಸಿಗುವುದು ಗ್ರಾನೈಟ್, ನೈಸ್‌ನಂಥ ಗಡುಸಾದ, ದಪ್ಪ ಹರಳಿನ ಕಲ್ಲು. ಅದರಲ್ಲಿ ಕಣ್ಣಿನ ರೆಪ್ಪೆ, ಬೆರಳಿನ ಉಂಗುರ ಕೆತ್ತಲು ಹೋದರೆ ಹರಳೇ ಕಿತ್ತು ಬರುತ್ತದೆ. ಬೇಲೂರನ್ನು ನೋಡಿ ಬಂದವರು ಇಂಥ ಕಲ್ಲನ್ನು ನೋಡಿ ‘ಒರಟು ಕೆಲಸ’ ಎನ್ನುವುದುಂಟು. ಅದರಲ್ಲಿ ಶಿಲ್ಪಿಯ ಕೈಗಿಂತ ಭೂವಿಜ್ಞಾನದ ಪಾಲು ಹೆಚ್ಚು.

ಆಕೃತಿಯ ಗಾತ್ರವೂ ಅಷ್ಟೆ. ವೀರ ದೊಡ್ಡವನಾಗಿ, ಎದುರಾಳಿಗಳು ಚಿಕ್ಕವರಾಗಿ ಕಂಡರೆ ಅವನು ದೈತ್ಯನಾಗಿದ್ದ ಎಂದರ್ಥವಲ್ಲ. ‘ನಮ್ಮ ಪೂರ್ವಜರು ಹತ್ತು ಅಡಿ ಎತ್ತರವಿದ್ದರು’ ಎಂಬ ವಾಟ್ಸಾಪ್ ಸಂದೇಶಗಳಿಗೆ ಇಂಥ ಚಿತ್ರಗಳ ಫೋಟೊ ಜೋಡಿಸಿ ಕಳಿಸುವವರಿದ್ದಾರೆ. ಸಿನಿಮಾ ಕಟೌಟಿನಲ್ಲಿ ನಾಯಕನಟ ಅರವತ್ತು ಅಡಿ ಇರುತ್ತಾನೆ, ಅದನ್ನು ಯಾರೂ ಅವನ ಎತ್ತರದ ದಾಖಲೆ ಎನ್ನುವುದಿಲ್ಲ.

ಚಿತ್ರ ಒಂದು ಹೇಳಿ ಬರಹ ಇನ್ನೊಂದು ಹೇಳಿದಾಗ

ಚಿತ್ರ ಮತ್ತು ಬರಹ ಒಂದೇ ಕಲ್ಲಿನಲ್ಲಿದ್ದರೆ ಒಂದು ಇನ್ನೊಂದರ ವಿವರಣೆ ಎಂದು ನಂಬುತ್ತೇವೆ. ಆ ನಂಬಿಕೆಯನ್ನು ಅಲುಗಿಸಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಕಲ್ಲು ಸಾಕು. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ ಈ ಕಲ್ಲು ಕ್ರಿ.ಶ. 949–50ರದ್ದು. ಅದರ ಚಿತ್ರದಲ್ಲಿ ಒಂದು ನಾಯಿ, ಒಂದು ಕಾಡುಹಂದಿ, ಎರಡೂ ಪರಸ್ಪರ ಬಿದ್ದು ಕಾದಾಡುತ್ತಿವೆ. ಬರಹ ಓದಿದರೆ ಬರುವುದು ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ, ತಕ್ಕೋಲದ ಯುದ್ಧ, ಅಲ್ಲಿ ಸತ್ತ ಚೋಳರ ರಾಜಾದಿತ್ಯ. ದಕ್ಷಿಣ ಭಾರತದ ಇತಿಹಾಸದ ಪುಸ್ತಕಗಳಲ್ಲಿ ಈ ಕಲ್ಲು ಕಾಣಿಸಿಕೊಳ್ಳುವುದು ಆ ಯುದ್ಧದ ಸಾಕ್ಷಿಯಾಗಿ.

ನಾಯಿಯ ಹೆಸರು ಕಾಳಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬವನು ಬಹುಮಾನವಾಗಿ ಬೇಡಿ ಪಡೆದ ಬೇಟೆನಾಯಿ ಅದು. ಹಂದಿಯೊಡನೆ ಕಾದಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಡಲಾಯಿತು.

ಈಗ ಹೇಳಿ, ಈ ಕಲ್ಲು ಯಾವುದರ ಬಗ್ಗೆ? ಬರಹ ಸವೆದು ಹೋಗಿ ಚಿತ್ರ ಮಾತ್ರ ಉಳಿದಿದ್ದರೆ ನಾವು ಅದನ್ನು ಬೇಟೆಯ ದೃಶ್ಯ ಎನ್ನುತ್ತಿದ್ದೆವು. ಕಲ್ಪನೆ ಸ್ವಲ್ಪ ಹೆಚ್ಚಿದ್ದವರು ನಾಯಿ ಗಂಗರ ಸಂಕೇತ, ಹಂದಿ ಶತ್ರುವಿನ ಸಂಕೇತ ಎಂದು ಪ್ರಬಂಧವನ್ನೇ ಬರೆಯುತ್ತಿದ್ದರು. ಚಿತ್ರ ಸವೆದು ಬರಹ ಮಾತ್ರ ಉಳಿದಿದ್ದರೆ ನಾಯಿಯ ಮಾತು ದೊಡ್ಡ ರಾಜರ ನಡುವೆ ಒಂದು ಅಡಿಟಿಪ್ಪಣಿಯಾಗುತ್ತಿತ್ತು. ಕಲ್ಲು ನಿಲ್ಲಿಸಿದವನಿಗೆ ಮುಖ್ಯವಾದದ್ದು ನಾಯಿ. ಇತಿಹಾಸಕಾರನಿಗೆ ಮುಖ್ಯವಾದದ್ದು ಯುದ್ಧ. ನನ್ನ ಮಟ್ಟಿಗೆ, ಕನ್ನಡ ನಾಡಿನಲ್ಲಿ ಚಿತ್ರ ಓದುವುದನ್ನು ಕಲಿಯಬೇಕಾದವರು ಮೊದಲು ನಿಲ್ಲಬೇಕಾದ ಜಾಗ ಈ ಕಲ್ಲಿನ ಮುಂದೆಯೇ.

ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಶಾಸನವೆಂದರೆ ರಾಜರ ಪಟ್ಟಿ ಎಂಬ ನೋಟವನ್ನು ಬಿಟ್ಟು ಅದರೊಳಗಿನ ಬದುಕನ್ನು ನೋಡಲು ಕಲಿಸಿತು. 1982ರಲ್ಲಿ ಶ. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ಸ್ಮಾರಕ ಶಿಲೆಗಳ ಕುರಿತ ಸಂಪುಟ ಧಾರವಾಡದಿಂದ ಹೊರಬಂತು. ಅದರಲ್ಲಿ ಇತಿಹಾಸ, ಕಲೆ, ಜನಪದ ನಂಬಿಕೆಗಳನ್ನು ಬಲ್ಲವರು ಒಂದೇ ಬಗೆಯ ಕಲ್ಲಿನ ಸುತ್ತ ಕುಳಿತರು. ದೃಶ್ಯ ಅಧ್ಯಯನ ಎಂಬ ಮಾತು ಇಲ್ಲಿ ಚಾಲ್ತಿಗೆ ಬರುವ ಮೊದಲೇ ಕೆಲಸ ನಡೆದಿತ್ತು.

ನಿಮ್ಮ ಕಣ್ಣು ನಿಮಗೇ ಮೋಸ ಮಾಡುತ್ತದೆ

ಒಂದು ಚಿಕ್ಕ ಪ್ರಯೋಗ. ಕೆತ್ತಿದ ಅಕ್ಷರಗಳಿರುವ ಕಲ್ಲಿನ ಫೋಟೊವೊಂದನ್ನು ಫೋನಿನಲ್ಲಿ ತೆರೆದು, ತಲೆಕೆಳಗು ಮಾಡಿ ನೋಡಿ. ನೆರಳು ಸ್ಪಷ್ಟವಾಗಿದ್ದರೆ, ತಗ್ಗಾಗಿದ್ದ ಅಕ್ಷರಗಳು ಉಬ್ಬಿದಂತೆ ಕಾಣತೊಡಗುತ್ತವೆ. ಕಾರಣ, ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಮಿದುಳು ಕೇಳದೆಯೇ ಊಹಿಸುತ್ತದೆ. ಸೂರ್ಯನ ಕೆಳಗೆ ಬದುಕುವ ಜೀವಿಗೆ ಅದು ಒಳ್ಳೆಯ ಊಹೆ. ಮೇಲಂಚು ಬೆಳಗಿ ಕೆಳಗೆ ನೆರಳಿದ್ದರೆ ಉಬ್ಬು, ತಿರುಗುಮುರುಗಾದರೆ ತಗ್ಗು. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನು ಸರಳ ಚಿತ್ರಗಳಿಂದಲೇ ತೋರಿಸಿದ್ದರು. ಚಂದ್ರನ ಕುಳಿಗಳು ಕೆಲವು ಫೋಟೊಗಳಲ್ಲಿ ಗುಡ್ಡದಂತೆ ಕಾಣುವುದೂ ಇದರಿಂದಲೇ.

ವೀರಗಲ್ಲಿನಲ್ಲಿ ಇದು ಇನ್ನೂ ತೊಡಕಾಗುತ್ತದೆ. ಅಲ್ಲಿ ಆಕೃತಿ ಉಬ್ಬು, ಅಕ್ಷರ ತಗ್ಗು, ಎರಡೂ ಪಕ್ಕಪಕ್ಕದಲ್ಲಿ. ಮಟಮಟ ಮಧ್ಯಾಹ್ನ ಫ್ಲಾಶ್ ಹಾಕಿ ತೆಗೆದ ಫೋಟೊದಲ್ಲಿ ಸವೆದ ಅಕ್ಷರ ಕಲೆಯಾಗಿ, ಕಲ್ಲಿನ ಕಲೆ ಅಕ್ಷರವಾಗಿ ಕಾಣುತ್ತದೆ.

ಇದಕ್ಕೆ ಶಾಸನ ಶೋಧಕರು ಹಿಂದಿನಿಂದ ಬಳಸುವ ಉಪಾಯ ಪಡಿಯಚ್ಚು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಬ್ರಷ್‌ನಿಂದ ಬಡಿದು ತಗ್ಗುಗಳೊಳಗೆ ಕೂರಿಸಿ, ಮೇಲೆ ಮಸಿ ಒತ್ತಿದರೆ ತಗ್ಗು ಬಿಳಿಯಾಗಿ ಉಳಿಯುತ್ತದೆ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟ 1905ರದ್ದು. ಅದರಲ್ಲಿ ದಾಖಲಾದ ಕಲ್ಲುಗಳಲ್ಲಿ ಹಲವು ಈಗ ಇದ್ದ ಜಾಗದಲ್ಲಿಲ್ಲ. ರಸ್ತೆ ಅಗಲವಾಯಿತು, ಕೆರೆ ಏರಿ ಒಡೆಯಿತು, ಸೈಟು ಆಯಿತು. ಅಂಥ ಕಡೆ ಉಳಿದಿರುವುದು ಯಾರೋ ಒಬ್ಬರು ಅಂದು ತೆಗೆದ ಪಡಿಯಚ್ಚು ಮತ್ತು ಅವರ ಓದು. ಅವರು ಚಿತ್ರವನ್ನು ಬಿಟ್ಟು ಬರಹವನ್ನು ಮಾತ್ರ ಬರೆದುಕೊಂಡಿದ್ದರೆ ಆ ಚಿತ್ರ ಹೋದದ್ದೇ.

ಈಗ ಮೂರು ಆಯಾಮದ ಸ್ಕ್ಯಾನರ್ ಬಂದಿದೆ. 1909ರಲ್ಲಿ ಸ್ಥಾಪನೆಯಾದ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಲ್ಲಿ ಪಿ.ಎಲ್. ಉದಯಕುಮಾರ್ ಅವರ ನೇತೃತ್ವದಲ್ಲಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ಹೀಗೆ ಸ್ಕ್ಯಾನ್ ಮಾಡುವ ಯೋಜನೆ ನಡೆದಿದೆ. ಕಿತ್ತಯ್ಯನ ಕಲ್ಲೂ ಅದರಲ್ಲಿ ಸೇರಿದೆ. ಸ್ಕ್ಯಾನರ್ ಕಲ್ಲಿನ ಮೇಲ್ಮೈಯ ಪ್ರತಿ ಬಿಂದು ಎಷ್ಟು ಆಳದಲ್ಲಿದೆ ಎಂದು ಅಳೆಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಕಲ್ಲಿನ ಬಣ್ಣ, ಪಾಚಿ, ಎಣ್ಣೆ ಜಿಡ್ಡನ್ನೆಲ್ಲ ಕಳಚಿ, ಬೇಕಾದ ಕಡೆಯಿಂದ ಕೃತಕ ಬೆಳಕು ಹಾಯಿಸಿ, ಆಳಕ್ಕೆ ತಕ್ಕಂತೆ ಬಣ್ಣ ಕೊಟ್ಟು ನೋಡಬಹುದು. ಬರಿಗಣ್ಣಿಗೆ ಕಾಣದ ಗೀರು ಅಲ್ಲಿ ಕಾಣುತ್ತದೆ.

ಹಾಗೆಂದು ಸ್ಕ್ಯಾನ್ ಸತ್ಯದ ಕೊನೆಯ ಮಾತಲ್ಲ. ಬಣ್ಣ ಕಳಚಿದಾಗ ಹಳೆಯ ಸುಣ್ಣ, ಕಾವಿಯ ಗುರುತೂ ಕಳಚುತ್ತದೆ. ಬೆಳಕಿನ ಕೋನವನ್ನು ಆರಿಸುವುದು ಮನುಷ್ಯ. ಇದಕ್ಕಿಂತ ಅಪಾಯದ ರೂಢಿ ಇನ್ನೊಂದಿದೆ: ಓದಲು ಅನುಕೂಲವಾಗಲಿ ಎಂದು ಅಕ್ಷರಗಳಿಗೆ ಸೀಮೆಸುಣ್ಣ, ರಂಗೋಲಿ ಪುಡಿ, ಕೆಲವೊಮ್ಮೆ ಪೇಂಟ್ ತುಂಬುವುದು. ಹಾಗೆ ತುಂಬಿದವರು ತುಂಬುವುದು ತಾವು ಅಕ್ಷರ ಎಂದುಕೊಂಡದ್ದನ್ನು. ಮುಂದೆ ಬಂದವರು ಫೋಟೊದಲ್ಲಿ ಓದುವುದು ಕಲ್ಲನ್ನಲ್ಲ, ಹಿಂದಿನವರ ಊಹೆಯನ್ನು. ಸವೆದ ಮುಖಕ್ಕೆ ಕೃತಕ ಬುದ್ಧಿಮತ್ತೆಯ ಆ್ಯಪ್‌ನಿಂದ ಕಣ್ಣು ಮೂಗು ‘ಮರಳಿಸುವ’ ಈಚಿನ ಆಟವೂ ಇದೇ ಜಾತಿಯದು. ಆ ಕಣ್ಣು ಬೇರೆ ಸಾವಿರ ಚಿತ್ರಗಳಿಂದ ಬಂದದ್ದು, ಕಲ್ಲಿನಿಂದಲ್ಲ.

ಸೋಮನಾಥಪುರದ ತೆನೆ

ಬೇರೆ ಬೇರೆ ಶಾಸ್ತ್ರದವರು ಒಂದೇ ಚಿತ್ರಕ್ಕೆ ಜಗಳವಾಡಿದ ಒಳ್ಳೆಯ ಉದಾಹರಣೆಯೊಂದು ನಮ್ಮಲ್ಲೇ ಇದೆ. ಸೋಮನಾಥಪುರದ ಕೇಶವ ದೇವಾಲಯ 13ನೇ ಶತಮಾನದ್ದು. ಅಲ್ಲಿಯೂ ಇತರ ಹೊಯ್ಸಳ ದೇವಾಲಯಗಳಲ್ಲಿಯೂ ಕೆಲವು ಮೂರ್ತಿಗಳ ಕೈಯಲ್ಲಿ ಒಂದು ಉದ್ದನೆಯ ವಸ್ತುವಿದೆ. ಅದರ ಮೈತುಂಬ ಸಾಲುಸಾಲಾಗಿ ಗುಂಡು ಗುಂಡು ಕಾಳು. ನೋಡಿದ ತಕ್ಷಣ ಯಾರ ಬಾಯಲ್ಲೂ ಬರುವುದು ಮುಸುಕಿನ ಜೋಳದ ತೆನೆ ಎಂದೇ. ಹೆಬ್ಬಾಳ ಕೆರೆಯ ಬದಿ ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ನಿಂಬೆ ಸವರಿ ಕೊಡುತ್ತಾರಲ್ಲ, ಅದೇ.

ತೊಂದರೆ ಏನೆಂದರೆ ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ. ಕೊಲಂಬಸ್ ಅಲ್ಲಿಗೆ ಮುಟ್ಟಿದ್ದು 1492ರಲ್ಲಿ. ಅದಕ್ಕೂ ಎರಡು ಶತಮಾನ ಮೊದಲು ಮೈಸೂರು ಸೀಮೆಯ ಶಿಲ್ಪಿ ಅದನ್ನು ಹೇಗೆ ನೋಡಿದ? 1989ರಲ್ಲಿ ಕಾರ್ಲ್ ಜೊಹಾನೆಸನ್ ಮತ್ತು ಆನ್ ಪಾರ್ಕರ್ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಇದು ಮೆಕ್ಕೆಜೋಳವೇ, ಶಿಲ್ಪಿಗಳ ಮುಂದೆ ನಿಜವಾದ ತೆನೆಗಳಿದ್ದವು, ಆದ್ದರಿಂದ ಕೊಲಂಬಸ್‌ಗಿಂತ ಮೊದಲೇ ಸಾಗರ ದಾಟಿದ ಸಂಪರ್ಕವಿತ್ತು ಎಂದು ವಾದಿಸಿದರು. ಶಿಲ್ಪದ ತೆನೆಗಳ ಆಕಾರ, ಕಾಳಿನ ಜೋಡಣೆಗಳನ್ನು ನಿಜವಾದ ತೆನೆಗಳ ಜೊತೆ ಹೋಲಿಸಿದ್ದರು. 1993ರಲ್ಲಿ ಅದೇ ಪತ್ರಿಕೆಯಲ್ಲಿ ಭಾರತದ ಮೆಕ್ಕೆಜೋಳ ತಜ್ಞರಾದ ಎಂ.ಎಂ. ಪಾಯಕ್ ಮತ್ತು ಜೆ.ಕೆ.ಎಸ್. ಸಚನ್ ಅಲ್ಲ ಎಂದು ಉತ್ತರ ಬರೆದರು. ಅವರ ಪ್ರಕಾರ ಅದು ಮುಕ್ತಾಫಲ, ಮುತ್ತುಗಳಿಂದ ಮಾಡಿದ ಕಲ್ಪನೆಯ ಹಣ್ಣು. ತೆನೆಯನ್ನು ದಿನವೂ ಕೈಯಲ್ಲಿ ಹಿಡಿಯುವವರೇ ಇದು ತೆನೆಯಲ್ಲ ಎಂದದ್ದು ನನಗೆ ಈ ಪ್ರಸಂಗದಲ್ಲಿ ತುಂಬ ಹಿಡಿಸಿದ ಸಂಗತಿ.

ಹೋಲಿಕೆಯೊಂದನ್ನೇ ನೆಚ್ಚಿದರೆ ಈ ಜಗಳ ಮುಗಿಯುವುದಿಲ್ಲ, ‘ನನಗೆ ಹಾಗೆ ಕಾಣುತ್ತದೆ’ ಎನ್ನುವವನನ್ನು ಸೋಲಿಸಲಾಗದು. ಚಿತ್ರದ ಹೊರಗೆ ಹೋಗಬೇಕು. ಮೆಕ್ಕೆಜೋಳ ತಾನಾಗಿ ಹರಡುವ ಗಿಡವಲ್ಲ; ಕಾಳೆಲ್ಲ ಸಿಪ್ಪೆಯೊಳಗೆ ಬಿಗಿಯಾಗಿ ಕೂತಿರುತ್ತದೆ, ಮನುಷ್ಯ ಬಿಡಿಸಿ ಬಿತ್ತಿದರೇನೇ ಮುಂದಿನ ಪೀಳಿಗೆ. ಶಿಲ್ಪಿಗೆ ಮಾದರಿಯಾಗುವಷ್ಟು ಅದು ಇಲ್ಲಿ ಇದ್ದಿದ್ದರೆ ಹೊಲದಲ್ಲಿ ಬೆಳೆದಿರಬೇಕು, ಹಗೇವಿನಲ್ಲಿ ತುಂಬಿರಬೇಕು, ಸುಂಕಕ್ಕೆ ಲೆಕ್ಕವಾಗಿರಬೇಕು, ಒಲೆಯ ಬೂದಿಯಲ್ಲಿ ಕರಕಲು ಕಾಳು ಸಿಗಬೇಕು. ಭತ್ತ, ಎಳ್ಳು, ಅಡಿಕೆಗಳನ್ನು ಹೆಸರಿಸುವ ಆ ಕಾಲದ ಶಾಸನಗಳಲ್ಲಿ ಮೆಕ್ಕೆಜೋಳ ಎಂದು ಖಚಿತವಾಗಿ ಹೇಳಬಹುದಾದ ಬೆಳೆಯಿಲ್ಲ. ಇನ್ನು ಹೊಯ್ಸಳರ ಕಲ್ಲು: ಅಗೆದಾಗ ಮೆತ್ತಗಿರುವ ಬಳಪದ ಕಲ್ಲು. ಅದರಲ್ಲಿ ಅವರು ಕಿರೀಟಕ್ಕೆ, ಆನೆಯ ಜೂಲಿಗೆ, ತೋರಣಕ್ಕೆ, ಖಾಲಿ ಸಿಕ್ಕಲ್ಲೆಲ್ಲ ಮುತ್ತಿನ ಸಾಲು ಕೆತ್ತಿದ್ದಾರೆ. ಹಣ್ಣಿನ ಮೇಲೂ ಕೆತ್ತಿದರೆ ಅದೇನು ಸೋಜಿಗವಲ್ಲ.

ಹೆಚ್ಚಿನ ವಿದ್ವಾಂಸರು ಮೆಕ್ಕೆಜೋಳದ ವಾದವನ್ನು ಒಪ್ಪಿಲ್ಲ. ಆದರೂ ಪ್ರತಿ ವರ್ಷ ಒಂದಷ್ಟು ವಿಡಿಯೊಗಳು ‘ಇತಿಹಾಸ ಮುಚ್ಚಿಟ್ಟ ಸತ್ಯ’ ಎಂದು ಅದನ್ನು ಮತ್ತೆ ತರುತ್ತವೆ. ಒಂದು ಫೋಟೊ, ಒಂದು ಕೆಂಪು ವೃತ್ತ, ಅಷ್ಟೆ. ದೇವಾಲಯದಲ್ಲಿ ಸೈಕಲ್, ದೂರದರ್ಶಕ, ರಾಕೆಟ್ ಕಂಡವರ ವಿಧಾನವೂ ಇದೇ. ಒಂದು ಆಕೃತಿಯನ್ನು ಸುತ್ತಲಿನಿಂದ ಕತ್ತರಿಸಿ ತೆಗೆದರೆ ಅದು ಯಾವುದರಂತೆ ಬೇಕಾದರೂ ಕಾಣಬಲ್ಲದು.

ಹೆಬ್ಬಾಳದಲ್ಲೇ ಇರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಂಥ ಕಡೆ ಈ ಪಾಠ ದಿನನಿತ್ಯದ್ದು. ಎರಡು ಕೀಟಗಳು ಫೋಟೊದಲ್ಲಿ ಅವಳಿಜವಳಿಯಂತೆ ಕಂಡರೂ ರೆಕ್ಕೆಯ ನರ, ಮೀಸೆಯ ಗಂಟು, ಕೆಲವೊಮ್ಮೆ ಡಿಎನ್‌ಎ ನೋಡದೆ ಹೆಸರಿಡುವಂತಿಲ್ಲ. ಹೆಸರು ತಪ್ಪಿದರೆ ಬೆಳೆ ತಿನ್ನುವ ಹುಳುವನ್ನು ಬಿಟ್ಟು ಅದನ್ನು ಕೊಲ್ಲುವ ಹುಳುವಿಗೆ ಔಷಧಿ ಹೊಡೆದಂತಾಗುತ್ತದೆ.

ಸೂರ್ಯ, ಚಂದ್ರ, ನಿಧಿ

ತಪ್ಪು ಓದಿನಿಂದ ಕಲ್ಲಿಗೇ ಕೇಡಾಗುವುದು ಇಲ್ಲಿ. ವೀರಗಲ್ಲು, ದಾನದ ಕಲ್ಲುಗಳ ತುದಿಯಲ್ಲಿ ಸೂರ್ಯ ಚಂದ್ರರನ್ನು ಕೆತ್ತಿರುತ್ತಾರೆ. ಸೂರ್ಯಚಂದ್ರರು ಇರುವವರೆಗೆ ಈ ಕೀರ್ತಿ, ಈ ದಾನ ನಿಲ್ಲಲಿ ಎಂಬುದು ಅದರ ಅರ್ಥ. ಅದೇ ಮಾತನ್ನು ಎಷ್ಟೋ ಶಾಸನಗಳು ಬರಹದಲ್ಲೂ ಹೇಳುತ್ತವೆ. ಆದರೆ ಹಳ್ಳಿಗಳಲ್ಲಿ ಅದು ನಿಧಿಯ ಗುರುತು, ಹಾವಿನ ಚಿತ್ರವಿದ್ದರೆ ನಿಧಿ ಕಾಯುವ ಸರ್ಪ ಎಂಬ ನಂಬಿಕೆ ಬಲವಾಗಿದೆ. ಅಮಾವಾಸ್ಯೆ ರಾತ್ರಿ ಕಲ್ಲು ಕಿತ್ತು ಕೆಳಗೆ ಅಗೆಯುತ್ತಾರೆ. ವೀರಗಲ್ಲು ನೆನಪಿಗಾಗಿ ನೆಟ್ಟದ್ದು. ಕೆಳಗೆ ಹಣವಿಡುವ ಪದ್ಧತಿ ಇರಲಿಲ್ಲ. ದನ ಉಳಿಸಲು ಹೋಗಿ ಸತ್ತವನ ಮನೆಯವರ ಬಳಿ ಹೂಳುವಷ್ಟು ಚಿನ್ನ ಎಲ್ಲಿಂದ ಬರಬೇಕು? ಅಗೆದವರಿಗೆ ಮಣ್ಣು ಸಿಗುತ್ತದೆ, ಕಲ್ಲು ಎರಡು ತುಂಡಾಗುತ್ತದೆ.

ಕಿತ್ತಯ್ಯನ ಕಲ್ಲು ಆ ಗತಿಯಿಂದ ತಪ್ಪಿಸಿಕೊಂಡಿತು. ಊರಿನವರು, ಆಸಕ್ತರು ಸೇರಿ ಹಣ ಕೂಡಿಸಿ ಅದಕ್ಕೆ ಗಂಗರ ಕಾಲದ ಶೈಲಿಯಲ್ಲಿ ಮಂಟಪವೊಂದನ್ನು ಕಟ್ಟಿಸಿದರು.

ನಿಮ್ಮ ಊರಿನಲ್ಲೋ ಬಡಾವಣೆಯಲ್ಲೋ ಇಂಥದೊಂದು ಕಲ್ಲು ಕಂಡರೆ ಎಣ್ಣೆ, ಪೇಂಟ್, ಸೀಮೆಸುಣ್ಣ ಯಾವುದನ್ನೂ ಹಚ್ಚಬೇಡಿ, ತಂತಿ ಬ್ರಷ್‌ನಿಂದ ಉಜ್ಜಬೇಡಿ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ. ಕತ್ತಲಾದ ಮೇಲಾದರೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಅಂಟಿಸಿದಂತೆ ಹಿಡಿದು, ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೊ. ಅಳತೆ ತಿಳಿಯಲು ಪಕ್ಕದಲ್ಲಿ ಸ್ಕೇಲನ್ನೋ ಪೆನ್ನನ್ನೋ ಇಡಿ. ಕಲ್ಲಿನ ಹಿಂಬದಿಯನ್ನೂ ಸುತ್ತಲಿನ ಜಾಗವನ್ನೂ ಒಂದೊಂದು ಚಿತ್ರದಲ್ಲಿ ಹಿಡಿಯಿರಿ, ಸ್ಥಳದ ಗುರುತನ್ನು ಬರೆದುಕೊಳ್ಳಿ. ರಾಜ್ಯ ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರಿಗೋ ಕಳಿಸುವಾಗ ‘ಇದು ಇಂಥದ್ದು’ ಎಂದು ಬರೆಯುವುದಕ್ಕಿಂತ ಊರಿನ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ, ವರ್ಷಕ್ಕೊಮ್ಮೆ ಯಾವ ದಿನ ಪೂಜೆ ಮಾಡುತ್ತಾರೆ ಎಂದು ಕೇಳಿ ಬರೆಯಿರಿ. ಕಲ್ಲಿನ ಮೇಲೆ ಸಿಗದ ಸಂಗತಿ ಅದೊಂದೇ, ಮತ್ತು ಆ ಹಿರಿಯರು ಹೋದ ಮೇಲೆ ಯಾವ ಸ್ಕ್ಯಾನರ್‌ಗೂ ಸಿಗದು.